ಬಟ್ಟಲು ಹಿಡಿಯುವ ಕ್ರಮ

ಮಾರ್ಚ್ ೧೧
ಬೆಳಿಗ್ಗೆ ಹೊಸ ಮ್ಯಾನೇಜರ್ ಕೀತ್ ಸಾಹೇಬರಿಗೆ ಮತ್ತೆ ಪಾಠ, ಹಿರಿಯರಿಗೆ ಹಾಲು ಕೊಡುವ ಕ್ರಮ. ಬೆಳ್ಳಿ ಬಟ್ಟಲಲ್ಲಿ ಹಾಲು, ಕೆಳಗೆ ನೀಲಿ ರೇಷ್ಮೆ ವಸ್ತ್ರ, ಎರಡೂ ಕೈ. ಅಂಗಿಯ ತೋಳು ಮಡಚಿರಬಾರದು. ವಸ್ತ್ರದ ತೆರೆದ ಅಂಚು ತೆಗೆದುಕೊಳ್ಳುವವರ ಕಡೆಗೆ. ಬೇಗ ಕಲಿತರು — ನಮ್ಮ ಮಂತ್ರಿಗಳಿಗಿಂತ ವಾಸಿ. ಗಣಿ ಕಂಪನಿಗೆ ಈಗ ಹೊಸ ಹುಚ್ಚು: ಊರಿನ ರೀತಿ ರಿವಾಜು ತಪ್ಪಬಾರದು. ಒಳ್ಳೆಯದೇ. ಹಿಂದಿನ ಮ್ಯಾನೇಜರ್ ಹೋದಹೋದ ಗುಡಾರದ ಹೊಸ್ತಿಲು ತುಳಿದು ಬೈಸಿಕೊಳ್ಳುತ್ತಿದ್ದ.

ಮಾರ್ಚ್ ೧೪
ಕುರಿಗಾಹಿ ಲುವ್ಸಾನ್ ಅಜ್ಜನ ಚಳಿಗಾಲದ ಬೀಡಿಗೆ ಹೋದೆವು. ಗಣಿಯ ಲಾರಿ ರಸ್ತೆ ಅವರ ಬಾವಿಯ ಮೇಲೇ ಹೋಗಬೇಕಂತೆ. ಅಷ್ಟು ಕುರಿಗೂ ಅದೊಂದೇ ನೀರು. ಕೀತ್ ಬಟ್ಟಲು ಚಾಚಿದರು. ತಪ್ಪಿಲ್ಲದೆ. ಅಜ್ಜ ಕುಡಿದರು.
"ಹಾಲು ಚೆನ್ನಾಗಿದೆ. ಬಾವಿ ಮಾತ್ರ ಕೊಡಲ್ಲಪ್ಪ."
ಅದನ್ನೇ ಕೀತ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಕೀತ್ ನಕ್ಕು ತಲೆಯಾಡಿಸಿದರು. ರಾಜಧಾನಿ ಉಲಾನ್‌ಬಾತರಿನಿಂದ ಬಂದ ಕಂಪನಿಯವನು ಅಜ್ಜ ಕುಡಿಯುವ ಫೋಟೋ ಹೊಡೆದುಕೊಂಡ.

ಏಪ್ರಿಲ್ ೮, ಮಧ್ಯಾಹ್ನ
ಬಾವಿಯ ಸುತ್ತ ರಸ್ತೆ ಗುರುತಿನ ಕೆಂಪು ಗೂಟ! ಅದೇ ಫೋಟೋ ಕಂಪನಿಯ ವರದಿಯಲ್ಲಿ — ‘ಹಿರಿಯರು ಸಂಪ್ರದಾಯದಂತೆ ಸಮ್ಮತಿಸಿದರು’. ಮೈ ಉರಿದುಹೋಯಿತು. ಕೀತ್ ಬಳಿ ಹೋಗಿ ಕೇಳಿದೆ.
"ಹಾಲು ತಗೊಂಡ್ರೆ ಗೌರವ ಒಪ್ಕೊಂಡ ಹಾಗೆ ಅಂತ ನೀನೇ ಹೇಳಿದ್ದಲ್ವಾ?"
"ಗೌರವ ಅಂದೆ ಸರ್. ಬಾವಿ ಅಂದ್ನಾ?"
"ಹೆಡ್ ಆಫೀಸಿಗೆ ಅಷ್ಟೆಲ್ಲ ವ್ಯತ್ಯಾಸ ಗೊತ್ತಾಗಲ್ಲ, ಝುಲ್."

ಏಪ್ರಿಲ್ ೯
ಅಜ್ಜ ಕಂಪನಿ ಗೇಟಿನ ಹೊರಗೆ ಕುದುರೆ ಹಿಡಿದು ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಎರಡೂ ಕೈಯಲ್ಲಿ ಕೊಟ್ಟ ಹಾಲು ಬೇಡ ಅಂದ್ರೆ ನಾನೆಂಥ ಮನುಷ್ಯ ಮಗಳೇ? ಉಗುಳಬೇಕಿತ್ತಾ?"
 

ಏಪ್ರಿಲ್ ೧೭, ಸಂಜೆ
ಬಾವಿಯ ವಿಷಯಕ್ಕೆ ಜಿಲ್ಲಾ ಸಭೆ. ಅಧ್ಯಕ್ಷೆ ಕೇಳಿದರು, "ಅಜ್ಜಾ, ಹಾಲು ಕುಡಿದಿದ್ದು ನಿಜಾನಾ?"
"ನಿಜ."
"ಮತ್ತಿನ್ನೇನು? ಒಪ್ಪಿದ ಹಾಗಾಯ್ತಲ್ಲ."
ಅಧ್ಯಕ್ಷೆಯೂ ಕುರಿ ಕಾದವರ ಮಗಳೇ. ಏನೂ ಗೊತ್ತಿಲ್ಲದವರ ಹಾಗೆ ಕೂತಿದ್ದರು. ಎದ್ದು ನಿಂತೆ. 
"ಬಾವಿ ಕೊಡಲ್ಲ ಅಂತ ಅಜ್ಜ ಅವತ್ತೇ ಅಂದಿದಾರೆ. ಇಂಗ್ಲಿಷಲ್ಲಿ ಹೇಳಿದ್ದು ನಾನೇ. ಸಾಹೇಬ್ರು ಕೇಳಿಸ್ಕೊಂಡ್ರು. ಈಗ ಸುಳ್ಳು ಹೇಳ್ತಿದಾರೆ."
 ಕೀತ್‌ಗೆ ನಮ್ಮ ಭಾಷೆಯ ಒಂದಕ್ಷರವೂ ಅರ್ಥವಾಗಿಲ್ಲ. ನನ್ನ ಕಡೆ ಬಾಗಿ, ಎಂದಿನ ಸೌಜನ್ಯದಿಂದ, "ಏನು ಹೇಳಿದೆ ಝುಲ್? ನನಗೂ ಹೇಳು" ಎಂದರು.
ಅಲ್ಲಿ ಅನುವಾದಕಿ ನಾನೊಬ್ಬಳೇ. ಕೆಲಸ ಹೋದ ಹಾಗೇ ಅಂದುಕೊಂಡೆ. ಅವರ ಮುಖ ನೋಡಿಕೊಂಡೇ ಮೊದಲಿನಿಂದ ಶುರು ಮಾಡಿದೆ. ‘ಸುಳ್ಳು’ ಅನ್ನುವಲ್ಲಿಗೆ ಬಂದೆ. ಮೆತ್ತಗಿನ ಇಂಗ್ಲಿಷ್ ಪದಗಳು ಬೇಕಾದಷ್ಟಿದ್ದವು, ನಾಲಿಗೆಯ ತುದಿಯಲ್ಲೇ. ಅವುಗಳಲ್ಲಿ ಒಂದನ್ನೂ ಬಳಸಲಿಲ್ಲ.