ಹೆಸರಿಗೆ ಬಂದ ನಾಯಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಯೋಗಕ್ಷೇಮ ಕೇಳುವುದಕ್ಕೆ ಮುಂಚೆ ಒಂದು ಪ್ರಶ್ನೆ. ಚಿಕ್ಕಂದಿನಲ್ಲಿ ಅಮ್ಮನ ಕೈಲಿ ಬೈಸಿಕೊಂಡು ನಾನು ಮೂಲೆಯಲ್ಲಿ ಅಳುತ್ತಾ ಕೂತಾಗ, ನೀನು ಹಿಂದಿನಿಂದ ಬಂದು ಏನು ಮಾಡುತ್ತಿದ್ದೆ? ಉತ್ತರದಲ್ಲಿ ಮೊದಲು ಅದನ್ನು ಬರೆ. ನಾನಾಗಿ ಹೇಳಿಕೊಡುವುದಿಲ್ಲ.

ನಮ್ಮ ಮನೆಗೆ ನಾಯಿ ಬಂದಿದೆ. ನಾಯಿ ಅಂದರೆ ನಾಯಿಯಲ್ಲ, ಕರು ಎನ್ನು. ಇವರು ಕಾವಲಿರುವ ಗೋದಾಮಿನಿಂದ ಹಿಂದೆಯೇ ನಡೆದು ಬಂತಂತೆ. ನನ್ನ ಹೊಲಿಗೆ ಯಂತ್ರದ ಪಕ್ಕ ನಿಂತರೆ ಮೇಜಿನ ಮೇಲೆ ಅದರ ತಲೆ ಕಾಣುತ್ತದೆ. ಬಟ್ಟೆ ಕೊಡಲು ಬಂದ ಗಿರಾಕಿಗಳು ಬೀದಿಯಲ್ಲೇ ನಿಂತು ಅಳತೆ ಹೇಳಿ ಹೋಗುತ್ತಾರೆ!

ಇಷ್ಟು ದೊಡ್ಡ ಪ್ರಾಣಿಗೆ ತಕ್ಕ ಹೆಸರು ಬೇಡವೇ? ಇವರು ಟೈಗರ್ ಎಂದರು, ಸುಲ್ತಾನ ಎಂದರು, ಬೆಟ್ಟಪ್ಪ ಎಂದೂ ಕರೆದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಆಗ ನನಗೆ ಅಮ್ಮನ ಕ್ರಮ ನೆನಪಾಯಿತು. ಹೊಸ್ತಿಲ ಮೇಲೆ ಪ್ರಾಣಿಗೆ ಬೆನ್ನು ಹಾಕಿ ನಿಂತು, ಕೈ ಹಿಂದೆ ಚಾಚಿ, ಒಂದೊಂದೇ ಹೆಸರು ಕೂಗುತ್ತಾ ಹೋಗುವುದು. ಯಾವ ಹೆಸರಿಗೆ ಅದು ಬಂದು ಅಂಗೈಗೆ ಮೂಗು ತಾಗಿಸುತ್ತದೋ ಅದೇ ಅದರ ಹೆಸರು. ಆ ಹೊತ್ತಿನಲ್ಲಿ ನಮ್ಮವರ್ಯಾರ ಹೆಸರೂ ಬಾಯಿಗೆ ಬರಬಾರದು ಎಂದು ಅಮ್ಮ ನಮ್ಮಿಬ್ಬರ ಬಾಯಿ ಮುಚ್ಚಿಸುತ್ತಿದ್ದಳಲ್ಲ, ಅದನ್ನು ಮಾತ್ರ ಮರೆತೆ. ಮಗಳು ಬರಿಗಾಲಲ್ಲಿ ಬಿಸಿಲಿಗೆ ಓಡುವುದು ಕಂಡು, ಗುಬ್ಬೀ ಒಳಗೆ ಬಾ ಎಂದು ಕೂಗಿಬಿಟ್ಟೆ. ಅಂಗೈಗೆ ತಣ್ಣನೆಯ ಮೂಗು ತಾಗಿತು.

ಎಲ್ಲರಿಗೂ ನಗುವೋ ನಗು. ಆಕಾರ ನೋಡಿದರೆ ಆನೆ, ಹೆಸರು ಗುಬ್ಬಿ ಎಂದು ಇವರು ತಮಾಷೆ ಮಾಡಿದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಮಗಳೇ.

ಮಾರನೆಯ ದಿನದಿಂದ ಗುಬ್ಬಿ ಎಂದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ತುಂಟತನ ಎಂದುಕೊಂಡೆ. ಗದರಿದಾಗ, ಗುಬ್ಬಿ ಅಂದರೆ ನಮ್ಮ ನಾಯಿಯಲ್ಲವೇ ಎಂದು ನನ್ನನ್ನೇ ಕೇಳಿದಳು. ಅವಳ ಮುಖದಲ್ಲಿ ತುಂಟತನ ಇರಲಿಲ್ಲ. ಶಾಲೆಯ ಹೆಸರಿನಿಂದ ಕರೆದರೆ ಬರುತ್ತಿದ್ದಳು, ಪಕ್ಕದ ಮನೆಯ ಮಗು ಬಂದು ನಿಂತ ಹಾಗೆ ನಿಲ್ಲುತ್ತಿದ್ದಳು. ಮೆಟ್ಟಿಲಿನಿಂದ ಬಿದ್ದದ್ದು, ತಾತನ ಹೆಗಲೇರಿ ಕೂತದ್ದು, ಗುಬ್ಬಿ ಎಂದು ಕೂಗಿಸಿಕೊಂಡು ಅವಳು ಬದುಕಿದ್ದೆಲ್ಲ ಅವಳೊಳಗಿಂದ ಹೋಗಿಬಿಟ್ಟಿತ್ತು.

ಎಲ್ಲಿಗೆ ಹೋಗಿತ್ತು ಎಂಬುದೂ ನನಗೆ ಗೊತ್ತಾಯಿತು. ಅವಳು ಯಂತ್ರದ ಕೆಳಗೆ ಕೂತು ಗುಂಡಿಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತಿದ್ದಳಲ್ಲ, ಒಂದು ಬೆಳಗ್ಗೆ ಅಲ್ಲಿ ನಾಯಿ ಕೂತಿತ್ತು. ಚೆಲ್ಲಿದ ಗುಂಡಿಗಳಲ್ಲಿ ಕೆಂಪನ್ನು ಮೂಗಿನಿಂದ ಒಂದು ಕಡೆಗೆ, ಬಿಳಿಯನ್ನು ಇನ್ನೊಂದು ಕಡೆಗೆ ತಳ್ಳುತ್ತಿತ್ತು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಅದು ತನ್ನ ಆಟ ಎಂದೇ ತಿಳಿಯಲಿಲ್ಲ. 

ಇವರು ಅದನ್ನು ಗೋದಾಮಿಗೇ ವಾಪಸು ಬಿಟ್ಟು ಬರುತ್ತೇನೆ ಎಂದರು. ನಾನು ಬೇಡವೆಂದೆ. ಅದು ಹೋದರೆ ನನ್ನ ಗುಬ್ಬಿಯೂ ಅದರ ಜೊತೆಗೇ ಹೋಗುತ್ತಾಳಲ್ಲ. ಬೇರೆ ಹೆಸರು ಒಪ್ಪಿದರೆ ಮಾತ್ರ ಅದು ಈ ಹೆಸರನ್ನು ಬಿಟ್ಟೀತು. ಮತ್ತೆ ಹೊಸ್ತಿಲ ಮೇಲೆ ಬೆನ್ನು ಹಾಕಿ ನಿಂತೆ. ತೀರಿಕೊಂಡವರ ಹೆಸರೆಲ್ಲ ಕೂಗಿದೆ, ಅಮ್ಮನದನ್ನೂ ಬಿಡಲಿಲ್ಲ. ಅದು ಅಲುಗಾಡಲಿಲ್ಲ.

ಕೊನೆಗೆ ನಿನ್ನೆ ಒಂದು ಹೆಸರಿಗೆ ಬಂತು. ಬಂದ ಕ್ಷಣವೇ ಒಳಗಿನಿಂದ ಮಗಳು, ನನ್ನ ಗುಂಡಿಗಳನ್ನು ಯಾರು ಮುಟ್ಟಿದ್ದು ಎಂದು ಜಗಳಕ್ಕೆ ಬಂದಳು. ತಬ್ಬಿಕೊಂಡು ಅತ್ತೆ. ಈಗ ಗುಬ್ಬಿ ಎಂದರೆ ಅವಳೇ ಓಡಿ ಬರುತ್ತಾಳೆ. ನಾವೆಲ್ಲ ಚೆನ್ನಾಗಿದ್ದೇವೆ.

ನೀನು ಹೇಗಿದ್ದೀಯ? ಊಟ ನಿದ್ದೆ ಸರಿಯಾಗಿದೆಯಾ? ಏನಾದರೂ ಮರೆತ ಹಾಗೆ ಅನ್ನಿಸುತ್ತದೆಯಾ? ಭಾವನವರನ್ನೂ ಕೇಳು. ಬೇಗ ಬರೆ.

ನಿನ್ನ ಮೇಲೆ ಪ್ರಾಣವನ್ನೇ ಇಟ್ಟಿರುವ,
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯುವ ಧೈರ್ಯ ಬಂದಿರಲಿಲ್ಲ. ನಾಯಿ ಒಪ್ಪಿದ ಹೆಸರು ಚೂಟಿ. ಅಮ್ಮ ನಿನ್ನನ್ನು ಕರೆಯುತ್ತಿದ್ದ ಹೆಸರು. ಮೊದಲು ನನ್ನದನ್ನೇ ಕೂಗಿದೆ ಅಕ್ಕ, ನಿನ್ನಾಣೆ. ಅದು ಕಿವಿಯನ್ನೂ ಎತ್ತಲಿಲ್ಲ. ಆಮೇಲೆ ತಿಳಿದೂ ತಿಳಿದೂ ನಿನ್ನದನ್ನು ಕೂಗಿದೆ. ಇದನ್ನು ಬರೆಯುತ್ತಾ ಅಳು ಬಂದುಬಿಟ್ಟಿತು. ಬಾಗಿಲ ಬಳಿ ಮಲಗಿದ್ದದ್ದು ಎದ್ದು ಬಂದು, ನನ್ನ ಹಿಂದೆ ನಿಂತು, ನೀನು ಇಡುತ್ತಿದ್ದ ಹಾಗೆಯೇ ನನ್ನ ಎಡ ಭುಜದ ಮೇಲೆ ಗದ್ದ ಇಟ್ಟುಕೊಂಡು ಸುಮ್ಮನಿದೆ. ಮೊದಲು ಕೇಳಿದ ಪ್ರಶ್ನೆಗೆ ನೀನು ಉತ್ತರ ಬರೆಯಬೇಕಾಗಿಲ್ಲ.