ಬಾರ್ಲಿ ಚರಟದ ವಾಸನೆ

ಮಾರ್ಚ್ ೧೨, ಭಾನುವಾರ

ಮುದ್ದು ತಂಗಿಗೆ,

ಅಣ್ಣನ ಆಶೀರ್ವಾದಗಳು. ನೀನು, ಭಾವ, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಪತ್ರಗಳಿಗೆ ಇದೊಂದೇ ಉತ್ತರ, ಬೈದುಕೊಂಡೇ ಓದು. "ಸೋದರಮಾವ ಅನ್ನಿಸಿಕೊಂಡೋನು ಎರಡು ತಿಂಗಳಿಂದ ಮಗು ನೋಡೋಕೆ ಬಂದಿಲ್ಲ. ಅದೇನು ಅಂಥ ಘನಂದಾರಿ ಕೆಲಸ?" ಅಂತ ಕೇಳಿದ್ದೀಯ. ಕೇಳು, ಹೇಳುತ್ತೇನೆ.

ನಮ್ಮ ಬಿಯರ್ ಕಾರ್ಖಾನೆಯಲ್ಲಿ ಬಾರ್ಲಿಯ ರಸ ತೆಗೆದ ಮೇಲೆ ರಾಶಿಗಟ್ಟಲೆ ಚರಟ ಉಳಿಯುತ್ತದೆ. ಮೊದಲು ಅದನ್ನು ಲಾರಿಗೆ ತುಂಬಿಸುವುದಷ್ಟೇ ನನ್ನ ಕೆಲಸವಾಗಿತ್ತು. ನಾಲ್ಕು ತಿಂಗಳಿಂದ ಪ್ರಯೋಗಶಾಲೆಯ ಮೇಡಂ ಅದನ್ನು ಗಾಳಿಯಾಡದ ಉಕ್ಕಿನ ತೊಟ್ಟಿಯಲ್ಲಿ ಹುದುಗಿಸುತ್ತಿದ್ದಾರೆ, ನಾನು ತೊಟ್ಟಿ ಕಾಯುತ್ತೇನೆ. ಒಳಗಿನ ಬ್ಯಾಕ್ಟೀರಿಯಾಗಳು ಚರಟ ತಿಂದು ಬೆಲೆಬಾಳುವ ಆಮ್ಲ ಮಾಡುತ್ತವಂತೆ. ಕಣ್ಣಿಗೆ ಕಾಣದವು ಒಳಗೆ ಏನು ನಡೆಸಿವೆಯೋ ನೋಡಬೇಡವೇ? ನನ್ನ ಹುಟ್ಟುಗುಣ ನಿನಗೆ ಗೊತ್ತಲ್ಲ. ಮೂರನೇ ವಾರ ಮೆಲ್ಲಗೆ ಮುಚ್ಚಳ ಎತ್ತಿ ಇಣುಕಿದೆ. ಅಷ್ಟೇ, ಆ ತೊಟ್ಟಿಯ ಕೆಲಸವೆಲ್ಲ ನೀರುಪಾಲು.

"ನಮಗೆ ಗಾಳಿ ಅಂದ್ರೆ ಉಸಿರು, ಅವಕ್ಕೆ ವಿಷ ಕಣ್ರೀ" ಅಂದರು ಮೇಡಂ. ಬೈಯಲಿಲ್ಲ. ತೊಟ್ಟಿಗೆ ಗಾಜಿನ ಕಿಂಡಿ ಹಾಕಿಸಿ, "ಕಣ್ತುಂಬ ನೋಡಿ, ಮುಚ್ಚಳ ಮಾತ್ರ ಮುಟ್ಟಬೇಡಿ" ಅಂದರು.

ಈಗ ದಿನವೂ ನೋಡುತ್ತೇನೆ. ಸಣ್ಣ ಗುಳ್ಳೆಗಳು ಒಂದೇ ಸಮನೆ ಏಳುತ್ತವೆ. ಹೋದ ವಾರ ರಸ ಸೋಸಿ ಬೇರ್ಪಡಿಸಿದಾಗ ಎಣ್ಣೆಯಂಥ ಪದರ ತೇಲಿತು. ಅದೇ ನಮ್ಮ ಆಮ್ಲ! ಮೊದಲಿನಿಂದಲೂ ತೊಟ್ಟಿಗೆ, ಈಗ ಅದಕ್ಕೆ, ಥೇಟ್ ಹೋತದ ನಾತ ಅಂತಾರೆ ಎಲ್ಲರೂ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವತ್ತೂ ಖಾಲಿ, ಮಹಾರಾಜನ ಹಾಗೆ ಕಾಲು ಚಾಚಿಕೊಂಡು ಬರುತ್ತೇನೆ. ಅದೇ ಆಮ್ಲಕ್ಕೆ ಮೇಡಂ ಮದ್ಯಸಾರ ಬೆರೆಸಿ, ಕಾಯಿಸಿ, ನನ್ನ ಮೂಗಿಗೆ ಹಿಡಿದರು. ಅನಾನಸ್ ಕಣೇ, ಘಮಘಮ ಅನಾನಸ್! ಅದು ಹೇಗೆ ಅಂತ ನಾಲ್ಕು ಸಲ ಕೇಳಿದೆ, ಅರ್ಧ ಅರ್ಥವಾಯಿತು.

ಹೀಗಾಗಿ ತೊಟ್ಟಿ ಬಿಟ್ಟು ಅಲ್ಲಾಡುವ ಹಾಗಿಲ್ಲ, ಅದಕ್ಕೇ ಬರಲಾಗಲಿಲ್ಲ. ಪುಟ್ಟಿ ನೂರು ಕಾಲ ಬಾಳಲಿ. ನಿನ್ನ ಹಟ ಮಾತ್ರ ಅವಳಿಗೆ ಬಾರದಿರಲಿ.

ಇಂತಿ,
ನಿನ್ನ ಅಣ್ಣ

ವಿ.ಸೂ.: ಬರಲಾಗಲಿಲ್ಲ ಅಂದದ್ದು ಸುಳ್ಳು. ಭಾನುವಾರ ನನಗೆ ರಜೆ. ಎರಡು ತಿಂಗಳ ಹಿಂದೆ ನಿಮ್ಮ ಮನೆಗೆ ಬಂದಾಗ, ಪುಟ್ಟಿಗೆಂದು ಕೊಂಡ ಹಳದಿ ಅಂಗಿಯನ್ನು ಕೆಲಸದ ಚೀಲದಲ್ಲೇ ಇಟ್ಟು ತಂದಿದ್ದೆ, ನಾತ ಹಿಡಿದಿರಬೇಕು. ನೀನು "ಎಷ್ಟು ಚೆನ್ನಾಗಿದೆ ಅಣ್ಣಾ" ಅಂದೆ. ಹೊರಡುವಾಗ ಅದು ಬಾಗಿಲ ಪಕ್ಕದ ಕಸದ ಬುಟ್ಟಿಯಲ್ಲಿತ್ತು. ತುಂಬಾ ನೋವಾಯಿತು ಕಣೇ. ಎತ್ತಿ ಜೇಬಿಗಿಟ್ಟುಕೊಂಡು ಬಂದೆ. ಆರು ಸಲ ಒಗೆದಿದ್ದೇನೆ. ದಿನವಿಡೀ ಅದರಲ್ಲೇ ಇರುವ ನನ್ನ ಮೂಗಿಗೆ ಆ ನಾತ ಈಗ ತಿಳಿಯುವುದೇ ಇಲ್ಲ. ಹೋಯಿತೋ ಇಲ್ಲವೋ, ಯಾರನ್ನು ಕೇಳಲಿ?