ಮಡಿವಾಳ ಹಕ್ಕಿ ನಿಜಕ್ಕೂ ಬಂದಿತ್ತು

ಅಡ್ಮಿನ್ ಅಣ್ಣಾ, ನಮಸ್ಕಾರ.

ನಮ್ಮ ಹಕ್ಕಿ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರೆ ಅಮ್ಮನ ಕಣ್ಣಿಗೆ ಬೀಳುತ್ತೆ, ಅದಕ್ಕೇ ಈ ಕಾಗದ.

ಲಕ್ವ ಹೊಡೆದು ಮಲಗಿದ ಮೇಲೆ ಅಮ್ಮ ಬಾಯಿ ಬಿಡ್ತಿದ್ದಿದ್ದೇ ಕಿಟಕಿಗೆ ಬರೋ ಹಕ್ಕಿಗಳ ಬಗ್ಗೆ. ನಾನು ಫೋಟೋ ಹಾಕೋದು, ನೀವು ಹೆಸರು ಹೇಳೋದು, ಅಮ್ಮ "ನಾನು ಆಗ್ಲೇ ಅಂದಿದ್ನಲ್ಲ!" ಅನ್ನೋದು. ಸೂಪರ್ ಆಗಿತ್ತಣ್ಣಾ.

ಈಗ ಪಕ್ಕದ ಹೊಸ ಬಿಲ್ಡಿಂಗ್ ಗೋಡೆ ಕಿಟಕಿಗೆ ಪೂರ್ತಿ ಅಡ್ಡ ಬಂದಿದೆ. ಏನೂ ಕಾಣಲ್ಲ. ಅಮ್ಮ ಮಾತೇ ಬಿಟ್ಟರು. ನೋಡೋಕಾಗದೆ ನಾನು ಕಿಟಕಿ ಹೊರಗೆ ಮೊಬೈಲ್ ಇಟ್ಟು ಹೊನ್ನಕ್ಕಿ ಕೂಗು ಹಾಕಿದೆ. ಅಮ್ಮನ ಮುಖ ಅರಳ್ತು. ಆಮೇಲೆ ಅಂದ್ರು, "ಚಳಿಗಾಲ ಮುಗಿದ ಮೇಲೆ ಹೊನ್ನಕ್ಕಿ ಇಲ್ಲಿರಲ್ಲ ಅಂತ ನಿಮ್ಮ ಅಡ್ಮಿನ್ನೇ ಹೇಳಿದ್ರಲ್ಲೋ. ಆಫ್ ಮಾಡು, ಬ್ಯಾಟರಿ ದಂಡ."

ಸಿಕ್ಕಿಬಿದ್ದೆ ಅಂತ ನಕ್ಕೆ. ಅಮ್ಮ ನಗಲಿಲ್ಲ.

ಇವತ್ತು ಬೆಳಿಗ್ಗೆ ಗೋಡೆ ಆಚೆ ಮಡಿವಾಳ ಹಕ್ಕಿ ಹಾಡ್ತು. ನಿಜವಾದ್ದು ಅಣ್ಣಾ! ಮೊಬೈಲ್ ನನ್ನ ಕೈಯಲ್ಲೇ ಇತ್ತು. ನೋಡಮ್ಮಾ, ಸ್ವಿಚ್ ಆಫ್ ಆಗಿದೆ ಅಂತ ಮುಂದೆ ಹಿಡಿದೆ. ಅಮ್ಮ ಕಣ್ಣು ಕೂಡ ತೆರೀಲಿಲ್ಲ. "ಸಾಕು, ಆಫ್ ಮಾಡೋ" ಅಂದ್ರು.

ನನ್ನ ಮಾತು ಇನ್ನು ನಂಬಲ್ಲ. ಮೊಬೈಲಿಂದ ಬಂದಿದ್ದು ಏನನ್ನೂ ನಂಬಲ್ಲ, ನಿಮ್ಮ ವಾಯ್ಸ್ ಮೆಸೇಜನ್ನೂ. ದೂರ ಅಂತ ಗೊತ್ತು. ಆದ್ರೂ ಒಂದ್ಸಲ ಬೆಳಿಗ್ಗೆ ಹೊತ್ತು ಮನೆಗೆ ಬಂದು, ಅಮ್ಮನ ಪಕ್ಕ ಕೂತು, ಆ ಹಕ್ಕಿ ಹಾಡಿದಾಗ ಅದರ ಹೆಸರು ಹೇಳ್ತೀರಾ?

ಬೇಗ ಬನ್ನಿ. ಕಿಟಕಿ ಮುಚ್ಚಿಬಿಡು ಅಂದಿದ್ದಾರೆ. ಕೇಳಿಸದವನ ಹಾಗೆ ಓಡಾಡ್ತಿದ್ದೀನಿ.

ನೀವೇ ಹೆಸರಿಟ್ಟ
ಕಿಟಕಿಮರಿ